ಗುರು ಮರೆಯಾದ ಸಂಜೆ

ಹಳ್ಳಿ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಸಾಯ್ರಗುಲ್‌ಳ ಕಾಲು ಒಂದು ವಾರದಿಂದ ನೆಲದ ಮೇಲಿರಲಿಲ್ಲ. ಆ ಸಂಜೆ ಚಂದ್ರ ಗುರು ಗ್ರಹವನ್ನೂ ಅದರ ನಾಲ್ಕು ದೊಡ್ಡ ಉಪಗ್ರಹಗಳನ್ನೂ ಮರೆಮಾಡಲಿದ್ದ. ಸೋನ್‌ಕುಲ್ ಸರೋವರದ ದಂಡೆಯಲ್ಲಿ ಬೇಸಿಗೆಗೆಂದು ಗುಡಾರ ಹಾಕಿದ್ದವರಿಗೆಲ್ಲ ತೋರಿಸುತ್ತೇನೆಂದು ಅವಳು ಡಂಗುರ ಸಾರಿದ್ದಳು. ಹೊತ್ತಿಳಿಯುವಾಗ ನೋಡಿದರೆ ಪಡುವಣ ಬೆಟ್ಟದ ಮೇಲೆ ಮೋಡ ಕವುಚಿಕೊಂಡಿತ್ತು.

“ಏನ್ ಅತ್ತಿಗೆ, ನಿಮ್ ಗುರು ರಜೆ ಹಾಕಿದ್ನಾ?” ಮೈದುನ ತುರ್ದುಬೆಕ್ ಕುದುರೆ ಹಾಲಿನ ಹುಳಿ ಕುಮಿಸ್ ಹೀರುತ್ತ ಕಿಚಾಯಿಸಿದ.

“ಘಾಟಿ ಹತ್ತಿದ್ರೆ ಮೋಡ ಕೆಳಗುಳಿಯುತ್ತೆ,” ಎಂದು ಅವಳು ಟೆಲಿಸ್ಕೋಪನ್ನು ಕಂಬಳಿಯಲ್ಲಿ ಸುತ್ತತೊಡಗಿದಳು.

ಅತ್ತೆ ಕಾನಿಂಬೂಬು ಆಗಲೇ ಎರಡು ಕುದುರೆಗೆ ಜೀನು ಬಿಗಿಯುತ್ತಿದ್ದಳು. “ಕುದುರೆ ಮೇಲೆ ಮೂಟೆ ಥರ ಕೂರ್ತೀಯ. ಒಬ್ಳೇ ಹೋಗಿ ಬಿದ್ರೆ ನನ್ ಮಗನಿಗೆ ಏನ್ ಹೇಳ್ಲಿ? ನಡಿ!”

ಇಬ್ಬರೂ ಏರು ಹಾದಿ ಹಿಡಿದರು. ನಡುವೆ ಮಂಜು ಎಷ್ಟು ದಟ್ಟವಾಯಿತೆಂದರೆ ಮುಂದಿದ್ದ ಅತ್ತೆಯ ಬೆನ್ನೇ ಕಾಣಿಸಲಿಲ್ಲ. ಮತ್ತಷ್ಟು ಹತ್ತಿದ್ದೇ ತಡ, ತಲೆ ಮೇಲೆ ತಿಳಿ ಆಕಾಶ! ಎಳೆ ಚಂದ್ರ, ಅವನ ಕಪ್ಪು ಅಂಚಿನ ಪಕ್ಕದಲ್ಲೇ ಗುರು.

ಸಾಯ್ರಗುಲ್ ಟೆಲಿಸ್ಕೋಪ್ ನಿಲ್ಲಿಸಿ, ಹಿರಿಯರಿಗೇ ಮೊದಲು ಎಂದು ಅತ್ತೆಗೆ ಜಾಗ ಬಿಟ್ಟಳು.

“ಅಯ್ಯೋ, ನಾಕು ಮರಿ! ಎಡಕ್ಕೆರಡು, ಬಲಕ್ಕೆರಡು... ಏ! ಒಂದ್ ಹೋಯ್ತು! ಆರೇಹೋಯ್ತು ಕಣೇ!”

“ಅತ್ತೆ, ನಾನೂ...”

“ಇರೇ! ಇನ್ನೊಂದೂ ಹೋಯ್ತು!”

ಇನ್ನು ಗುರುವಿನ ಸರದಿ. ಸಾಯ್ರಗುಲ್‌ಗೆ ಮರ್ಯಾದೆಯೆಲ್ಲ ಮರೆತುಹೋಯಿತು. “ಸರೀರಿ ಆಚೆ!” ಎಂದು ಅತ್ತೆಯ ಭುಜ ಹಿಡಿದು ತಳ್ಳಿಯೇಬಿಟ್ಟಳು. ಪಟ್ಟೆಪಟ್ಟೆಯ ಬಿಲ್ಲೆ ಅಂಚಿನಲ್ಲಿ ಕರಗುತ್ತ, ಅರ್ಧವಾಗಿ, ಎಳೆಯಾಗಿ, ಇಲ್ಲವಾಯಿತು. ಅವಳು ಚೀರಿದಳು.

ಹುಲ್ಲಿನ ಮೇಲೆ ಕುಕ್ಕರಿಸಿದ್ದ ಅತ್ತೆ ಹೊಟ್ಟೆ ಹಿಡಿದು ನಗುತ್ತಿದ್ದಳು. “ಇಷ್ಟ್ ವರ್ಷಕ್ಕೆ ಬಾಯಿ ಬಂತಲ್ಲೇ ನಿಂಗೆ!”

ಒಂದು ಗಂಟೆಯಲ್ಲಿ ಗುರು ಆಚೆ ಬದಿಯಿಂದ ಹೊರಬರಬೇಕಿತ್ತು. ಅಷ್ಟರಲ್ಲಿ ಚೀರಾಟ ಕೇಳಿ ಗಾಬರಿಯಾದ ತುರ್ದುಬೆಕ್ ಉಳಿದವರನ್ನೂ ಕಟ್ಟಿಕೊಂಡು ಏದುಸಿರು ಬಿಡುತ್ತ ಬಂದ. “ಯಾರಿಗೇನಾಯ್ತು?”

“ಸುಮ್ನಿರೋ, ಈಗ ಬರ್ತಾನೆ,” ಎಂದು ಮುದುಕಿ ಅವನನ್ನು ಮೊಣಕೈಯಿಂದ ಸರಿಸಿ ಕಣ್ಣಿಟ್ಟಳು. “ಬಂದ! ಬಂದ!”

ಎಲ್ಲರೂ ಒಮ್ಮೆಗೇ ಮುಗಿಬಿದ್ದರು. ಸಾಯ್ರಗುಲ್ ನಗುತ್ತಲೇ, ಟೆಲಿಸ್ಕೋಪ್ ಉರುಳದಂತೆ ಅದರ ಕಾಲುಗಳನ್ನು ತಬ್ಬಿಕೊಂಡು ಕೂತಳು.