ಮಗ್ಗುಲು ಬದಲಿಸಿದ ಊರು

ಆ ಊರಿಗೆ ಹಿಂದೆ ಗುಡ್ಡ, ಮುಂದೆ ಹೊಳೆ, ನಡುವೆ ಒಂದೇ ಬೀದಿ. ಬೀದಿಯ ಮನೆಗಳೆಲ್ಲ ಹೊಳೆಗೆ ಮುಖ ಮಾಡಿ ಕೂತಿದ್ದವು. ಉಪ್ಪು, ಬಟ್ಟೆ, ನೆಂಟರು, ಸುದ್ದಿ ಎಲ್ಲವೂ ದೋಣಿಯ ಮೇಲೆಯೇ ಬರಬೇಕಾಗಿದ್ದ ಕಾಲ ಅದು. ಆಮೇಲೆ ಮೇಲ್ಗಡೆ ಸೇತುವೆಯಾಯಿತು. ಗುಡ್ಡದ ಬುಡ ಕೊರೆದುಕೊಂಡು ರಸ್ತೆ ಬಂತು. ಬಂದದ್ದು ಮನೆಗಳ ಬೆನ್ನಿಗೆ. ಮೊದಲು ದರ್ಜಿ ತನ್ನ ಹಿಂಗೋಡೆ ಒಡೆಸಿ ಬಾಗಿಲಿಡಿಸಿದ. ಗಿರಾಕಿಗಳು ಆ ಕಡೆಯಿಂದಲೇ ಬರತೊಡಗಿದಾಗ ಪಕ್ಕದವನೂ ಒಡೆಸಿದ. ಯಾರೂ ಕೂತು ನಿರ್ಧರಿಸಲಿಲ್ಲ. ನಿದ್ದೆಯಲ್ಲಿರುವವನು ತನಗೇ ತಿಳಿಯದಂತೆ ಮಗ್ಗುಲು ಬದಲಿಸುವ ಹಾಗೆ, ಕೆಲವು ವರ್ಷಗಳಲ್ಲಿ ಊರು ಆ ಕಡೆಯಿಂದ ಈ ಕಡೆಗೆ ಹೊರಳಿತು. ಹಿತ್ತಿಲು ಅಂಗಳವಾಯಿತು, ಅಂಗಳ ಹಿತ್ತಿಲಾಯಿತು. ಹಳೆಯ ಬೀದಿಗೆ ಬಚ್ಚಲ ನೀರು ಹರಿದು ಹುಲ್ಲು ಮೊಳಕಾಲೆತ್ತರ ಬೆಳೆಯಿತು. ಹೊಸದಾಗಿ ಬಂದ ಅಂಚೆಯವನು ಬಹಳ ದಿನ ಜನರ ಬಚ್ಚಲ ಬಾಗಿಲು ತಟ್ಟಿ ಬೈಸಿಕೊಂಡ.

ಇಷ್ಟೂ ಗೋಡೆಗಳನ್ನು ಒಡೆದವನು ಒಬ್ಬನೇ ಮೇಸ್ತ್ರಿ. ಹೊಸ ಬಾಗಿಲಿಟ್ಟ ಮನೆಯವರು ವರ್ಷ ಕಳೆದ ಮೇಲೆ ಅವನನ್ನೇ ಮತ್ತೆ ಕರೆಯುತ್ತಿದ್ದರು, ಹೊಳೆಯ ಕಡೆಯ ಬಾಗಿಲು ಮುಚ್ಚಲು. ಗಾಳಿ ಬರುತ್ತದೆ, ಹಾವು ಬರುತ್ತದೆ ಎಂದು ಕಾರಣ ಹೇಳುತ್ತಿದ್ದರು. ಅವನು ಮುಚ್ಚಿ ಬರುತ್ತಿದ್ದ. ಈಗ ಅವನ ಬಲ ಭುಜ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಅಂಗಿ ತೊಡುವಾಗಲೇ ಅರ್ಧ ದಿನದ ದಣಿವು ಆಗಿಹೋಗುತ್ತದೆ.

ತಿರುಗದೆ ಉಳಿದದ್ದು ಊರಿನಲ್ಲೇ ಹಳೆಯದಾದ ಒಂದು ಮನೆ, ದೋಣಿಯವನದು. ಮೇಸ್ತ್ರಿಗೆ ಅವನು ಭಾವ, ಒಡಹುಟ್ಟಿದ ಅಕ್ಕನ ಗಂಡ. ಸೇತುವೆಯ ಮೇಲೆ ಮೊದಲ ಬಂಡಿ ಓಡಿದ ದಿನ ಅವನು ದೋಣಿಯನ್ನು ದಡಕ್ಕೆಳೆದು ಮಗುಚಿಟ್ಟ. ಒಳಗೆ ಬಂದು ದೀಪದ ಗೂಡಿನ ಮುಂದೆ ನಿಂತು, ಆ ಸೇತುವೆಯ ಮೇಲೆ ಕಾಲಿಡುವುದಿಲ್ಲ, ಆ ರಸ್ತೆಗೆ ಈ ಮನೆಯ ಬಾಗಿಲು ತೆರೆಯುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟ. ದರ್ಜಿಯ ಗೋಡೆಗೆ ಸುತ್ತಿಗೆ ಬಿದ್ದ ದಿನದಿಂದ ಮೇಸ್ತ್ರಿಯ ಜೊತೆ ಮಾತು ಬಿಟ್ಟ. ದೋಣಿಯವನ ಮಗ ಅದೇ ಸೇತುವೆಯ ಮೇಲೆ ಸಾಮಾನಿನ ವ್ಯಾನು ಓಡಿಸಿ ಮನೆ ನಡೆಸುತ್ತಿದ್ದ. ಸಂಜೆ ಗೋಡೆಯ ಆಚೆ ವ್ಯಾನು ನಿಲ್ಲಿಸಿ, ಊರಿನ ತುದಿಯವರೆಗೆ ನಡೆದು, ಹುಲ್ಲಿನ ಬೀದಿಯಲ್ಲಿ ಬಳಸಿ ಬಂದು ಮನೆ ಸೇರುತ್ತಿದ್ದ.

ಈಗ ದೋಣಿಯವನ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಬಿದ್ದುಹೋಗಿದ್ದವು. ವಾರಕ್ಕೆರಡು ಸಲ ಸೇತುವೆಯಾಚೆಯ ಆಸ್ಪತ್ರೆಗೆ ಕರೆತಂದು ವ್ಯಾಯಾಮ ಮಾಡಿಸಿದರೆ ಮಾತಾದರೂ ಮರಳೀತು, ತಡವಾದಷ್ಟೂ ಕಷ್ಟ ಎಂದಿದ್ದರು ಡಾಕ್ಟರು. ಹುಲ್ಲಿನ ಬೀದಿಯಲ್ಲಿ ಅವನನ್ನು ಹೊತ್ತು ಬಳಸಿ ಹೋಗುವಾಗ ಕೆಸರಿನಲ್ಲಿ ಮಗನ ಕಾಲು ಜಾರಿ, ಇಬ್ಬರೂ ಮಗುಚಿಟ್ಟ ದೋಣಿಯ ಮೇಲೆ ಬಿದ್ದರು. ಮರುದಿನವೇ ಅಕ್ಕ ತಮ್ಮನಿಗೆ ಹೇಳಿಕಳಿಸಿದಳು.

ಮೇಸ್ತ್ರಿ ಹಾರೆ, ಸುತ್ತಿಗೆ, ಬಾಂಡ್ಲಿ ಹಿಡಿದು ಬಂದ. ಹಿಂಗೋಡೆಗೆ ಒತ್ತಿ ಹಾಕಿದ ಮಂಚದ ಮೇಲೆ ಭಾವ ಮಲಗಿದ್ದ.

“ಇವರನ್ನ ಕೇಳಿದೆಯಾ?” ಅಂದ ಮೇಸ್ತ್ರಿ ಮೆಲ್ಲಗೆ.

“ಕೇಳದೆ ಇರ್ತೀನಾ? ‘ಬಾಗಿಲು ಇಡಿಸಲಾ?’ ಅಂದೆ. ಗೋಡೆ ಕಡೆ ಮುಖ ತಿರುಗಿಸಿಬಿಟ್ರು. ನಿನ್ನೆ ಮತ್ತೆ ಕೇಳಿದೆ. ಮತ್ತೆ ಅದೇ.”

“ಹಾಗಾದ್ರೆ ಬೇಡ ಅಂತಾಯ್ತು.”

“ಬೇಡ ಅಂತ್ಲೇ ಇಟ್ಕೋ. ನನಗೆ ಇವರು ಮಾತಾಡ್ಬೇಕು ಕಣೋ. ಬೈಯೋದಕ್ಕಾದ್ರೂ ಸರಿ. ಮಾತು ಕೊಟ್ಟಿದ್ದು ದೇವರಿಗೆ ತಾನೇ? ಆ ಪಾಪ ನನ್ನ ತಲೆಗಿರಲಿ, ದಿನಾ ದೀಪ ಹಚ್ಚೋಳು ನಾನು. ಆತನ ಹತ್ತಿರ ನಾನೇ ಮಾತಾಡ್ಕೋತೀನಿ.”

ಮಗ ಹೊಸ್ತಿಲ ಮೇಲೆ ಕೂತು ಕಾಲಿನ ಕೆಸರು ಒರೆಸುತ್ತಿದ್ದ. “ಮಾವ, ಅಪ್ಪ ಸೇತುವೆ ಮೇಲೆ ಕಾಲಿಡಲ್ಲ ಅಂದಿದ್ದರು. ಮಲಗಿಸ್ಕೊಂಡು ಹೋಗೋದಕ್ಕೆ ಏನೂ ಅಂದಿಲ್ಲ” ಎಂದ. ಅಕ್ಕ ಅವನತ್ತ ಕಣ್ಣು ಬಿಟ್ಟಳಾದರೂ ತುಟಿಯ ತುದಿಯಲ್ಲಿ ನಗು ಸುಳಿಯಿತು.

ಮೇಸ್ತ್ರಿ ಮಂಚದಿಂದ ದೂರ, ಅಡುಗೆಮನೆಯ ಮಗ್ಗುಲಿಗೆ ಇದ್ದಿಲಿನಿಂದ ಗೆರೆ ಎಳೆದ. ಉಳಿ ಇಟ್ಟು ಮೊದಲ ಏಟು ಹಾಕಿದ್ದೇ ತಡ, ಹಿಂದಿನಿಂದ ಟಣ್ ಎಂದಿತು. ಭಾವ ಎಡಗೈಯಲ್ಲಿ ನೀರಿನ ಲೋಟ ಹಿಡಿದು ಗೋಡೆಗೆ ಬಡಿದಿದ್ದ. ನೀರೆಲ್ಲ ಹಾಸಿಗೆಗೆ ಚೆಲ್ಲಿತ್ತು. ಮೇಸ್ತ್ರಿ ಕೈ ತಡೆದ, ಲೋಟವೂ ನಿಂತಿತು. ಮತ್ತೆ ಉಳಿ ಇಟ್ಟ. ಮತ್ತೆ ಟಣ್, ಟಣ್.

“ನೋಡಿದೆಯಾ” ಅಂದಳು ಅಕ್ಕ, ಹಾಸಿಗೆ ಒರೆಸುತ್ತ. ಅವಳ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. “ಅಷ್ಟು ವರ್ಷ ನೀವಾಗಿ ಮಾತು ಬಿಟ್ರಿ. ಈಗ ಮಾತೇ ನಿಮ್ಮನ್ನ ಬಿಟ್ಟಿದೆ. ಹಟ ಮಾತ್ರ ಬಿಡಲಿಲ್ಲ ನೋಡಿ.”

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಅದನ್ನು ಮತ್ತೆ ಎತ್ತಬೇಕೆಂದರೆ ಬಹಳ ಯೋಚಿಸಬೇಕು ಎನ್ನಿಸಿತು. ಮಂಚದ ಪಕ್ಕ ನೆಲದ ಮೇಲೆ ಕೂತ. ಅಕ್ಕ ತಂದಿಟ್ಟ ಚಹಾ ಆರುತ್ತಿತ್ತು.

“ಭಾವ, ನಾನು ಜಗಳಕ್ಕೆ ಬಂದಿಲ್ಲ” ಎಂದ. “ಸಾಕಾಗಿದೆ. ಊರಿನವರ ಗೋಡೆ ಒಡೆದೆ, ಆಮೇಲೆ ಅವರು ಹೇಳಿದ ಹಾಗೆ ಹೊಳೆ ಕಡೆ ಬಾಗಿಲು ಮುಚ್ಚಿದೆ. ಒಂದೊಂದ್ಸಲ ಕರಣೆ ಹಿಡ್ಕೊಂಡು ಅನ್ನಿಸ್ತಿತ್ತು, ನೀವು ಮಾತಾಡದೆ ಇದ್ದದ್ದು ಸರೀನೇ ಅಂತ. ಆದ್ರೆ ಅಕ್ಕನ ಬೆನ್ನು ನೋಡಿ. ಹುಡುಗನ ಮೊಣಕಾಲು ನೋಡಿ. ನೀವು ಹ್ಞೂಂ ಅಂದ್ರೆ ಒಡೀತೀನಿ. ಇಲ್ಲ ಅಂದ್ರೆ ಸಾಮಾನು ಎತ್ಕೊಂಡು ಹೋಗ್ತೀನಿ. ಅಷ್ಟೇ.”

ಭಾವ ಅವನನ್ನೇ ನೋಡಿದ. ಆಮೇಲೆ ಬಹಳ ನಿಧಾನವಾಗಿ ಗೋಡೆಯ ಕಡೆ ಮುಖ ತಿರುಗಿಸಿದ.

ಮೇಸ್ತ್ರಿ ಏಳಲೆಂದು ನೆಲಕ್ಕೆ ಕೈಯೂರಿದ. ಅಷ್ಟರಲ್ಲಿ ಲೋಟ ಮತ್ತೆ ಗೋಡೆಗೆ ತಾಗಿತು. ಈ ಸಲ ಬಡಿತ ಮೆತ್ತಗಿತ್ತು, ಮನೆಯವರನ್ನು ಎಬ್ಬಿಸಲು ಬಾಗಿಲು ತಟ್ಟುವ ಹಾಗೆ. ಪಕ್ಕದಲ್ಲೇ ಕೂತಿದ್ದವನ ಕಿವಿಗೆ ಆ ಸದ್ದು ಬೇರೆಯಾಗಿ ಕೇಳಿಸಿತು. ಕಲ್ಲಿನ ಗೋಡೆ ಹಾಗೆ ಮಾತಾಡುವುದಿಲ್ಲ. ಅವನು ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಒಂದು ಮೊಳ ಆಚೆ ಬಡಿದ. ಮತ್ತೆ ಇಲ್ಲಿ ಬಡಿದ. ಇಲ್ಲಿ ಟೊಳ್ಳು.

“ಮಂಚ ಎಳೀರೋ” ಎಂದ.

ಮಗ ಬಂದು ಮಂಚ ಎಳೆದ. ಮೇಸ್ತ್ರಿ ಉಳಿಯ ತುದಿಯಿಂದ ಗಾರೆ ಕೆರೆದ. ಒಳಗಿನಿಂದ ಕರಿಹಿಡಿದ ಮರ ಕಂಡಿತು, ಒಂದು ತೊಲೆ. ತೊಲೆಯ ಎರಡು ತುದಿಯಲ್ಲೂ ಕೆಳಗಿಳಿದ ಮರದ ನಿಲುವುಗಳು, ಅವುಗಳ ನಡುವೆ ಮಣ್ಣಿನ ಇಟ್ಟಿಗೆ. ಯಾರೋ ಎಂದೋ ಮುಚ್ಚಿದ ಬಾಗಿಲು.

ಇಟ್ಟಿಗೆಗಳು ಒಣಗಿದ ರೊಟ್ಟಿಯ ಹಾಗೆ ಮುರಿದು ಬಂದವು. ಅವನ ಭುಜಕ್ಕೆ ಅಷ್ಟೇನೂ ಕೆಲಸ ಸಿಗಲಿಲ್ಲ. ಬುಡದಲ್ಲಿ ಕಲ್ಲಿನ ಹೊಸ್ತಿಲು ಸಿಕ್ಕಿತು. ನಡುವಿನಲ್ಲಿ ಸವೆದು ತಟ್ಟೆಯಂತೆ ತಗ್ಗಾಗಿತ್ತು. ಅಷ್ಟು ಸವೆಯಬೇಕಾದರೆ ಎಷ್ಟು ತಲೆಮಾರಿನ ಪಾದ ಬೇಕೋ. ದೋಣಿ ಬರುವುದಕ್ಕೂ ಮೊದಲು ಗುಡ್ಡದ ಬುಡದಲ್ಲಿ ಒಂದು ಹಾದಿ ಇದ್ದಿರಬೇಕು; ಆಗ ಊರೆಂದರೆ ಈ ಮನೆಯೊಂದೇ ಏನೋ, ಆ ಹಾದಿಗೆ ಮುಖ ಮಾಡಿ ಕೂತಿತ್ತು. ಆಮೇಲೆ ಭಾವನ ಅಜ್ಜನೋ ಮುತ್ತಜ್ಜನೋ ಹೊಳೆಗೆ ದೋಣಿ ಇಳಿಸಿದ, ಈ ಬಾಗಿಲು ಮುಚ್ಚಿ ಆ ಬಾಗಿಲು ತೆರೆದ. ಊರು ಮಗ್ಗುಲು ಬದಲಿಸಿದ್ದು ಇದೇ ಮೊದಲಲ್ಲ.

“ಇದು ಇರೋದು ನಿಮಗೆ ಗೊತ್ತಿತ್ತಾ ಭಾವ? ಗೋಡೆ ಕಡೆ ತಿರುಗ್ತಿದ್ದದ್ದು ಇದನ್ನ ತೋರಿಸೋದಕ್ಕಾ?”

ಭಾವ ಕಣ್ಣು ಮುಚ್ಚಿ ತೆರೆದ.

ಅಕ್ಕ ಕೈಯಲ್ಲಿದ್ದ ಬಟ್ಟೆಯೊಂದಿಗೆ ಅಲ್ಲೇ ಕುಸಿದು ಕೂತಳು. “ಸೇತುವೆ ಆದ ವರ್ಷಾನೇ ಮಂಚ ಇಲ್ಲಿಗೆ ಎಳೆದಿದ್ರು” ಎಂದಳು. “ಹೊಳೆ ಗಾಳಿ ನೇರ ಬೀಳುತ್ತೆ ಅಂತಿದ್ರು. ಇಷ್ಟು ವರ್ಷ ಬಾಗಿಲಿಗೆ ಅಡ್ಡ ಮಲಗಿದ್ರಲ್ಲೋ.”

ಮಗ ಬಾಂಡ್ಲಿಗೆ ಮಣ್ಣು ತುಂಬತೊಡಗಿದ.

ಸಂಜೆಯ ಹೊತ್ತಿಗೆ ಮಣ್ಣೆಲ್ಲ ಹೊರಹೋಗಿತ್ತು. ವ್ಯಾನು ಹೊಸ್ತಿಲಿನಿಂದ ಕೂಗಳತೆಗಿಂತ ಹತ್ತಿರ ನಿಂತಿತ್ತು. ದೂಳು ಹೊಡೆದು ಮುಗಿಸಿ ಮೇಸ್ತ್ರಿ ರೂಢಿಯಂತೆ ಕೇಳಿದ: “ಹೊಳೆ ಕಡೆ ಬಾಗಿಲು ಏನು ಮಾಡೋಣ? ಮುಚ್ಚೋದಾದ್ರೆ ಇದೇ ಇಟ್ಟಿಗೆ ಸಾಕಾಗುತ್ತೆ.”

ಭಾವ ಲೋಟ ಎತ್ತಿದ.

“ಸರಿ, ಸರಿ. ಕೇಳಿದ್ದೇ ತಪ್ಪಾಯ್ತು” ಎಂದ ಮೇಸ್ತ್ರಿ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ಅಕ್ಕ ಗೂಡಿನಲ್ಲಿ ದೀಪ ಹಚ್ಚಿದಳು. ಎರಡೂ ಬಾಗಿಲು ತೆರೆದಿದ್ದವು. ಹೊಳೆಯಿಂದ ಹೊರಟ ಗಾಳಿ ಮನೆಯೊಳಗೆ ಹಾದು ಗುಡ್ಡದ ಕಡೆ ಹೋಯಿತು, ದೀಪ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಮೂರನೆಯ ಸಲ ಹಚ್ಚಿ, ಸ್ವಲ್ಪ ಹೊತ್ತು ಕೈ ಅಡ್ಡ ಹಿಡಿದು ನಿಂತು, ಆಮೇಲೆ ಕೈ ತೆಗೆದಳು; ಅದೂ ಆರಿತು.

“ಇರಲಿ ಬಿಡು” ಎಂದಳು, ಗೂಡಿನ ಕತ್ತಲೆಯಲ್ಲಿದ್ದ ದೇವರಿಗೆ. “ಅಂಚೆಯವನಿಗೆ ದಾರಿ ತಪ್ಪಬಹುದು. ನಿನಗೆ ತಪ್ಪಲ್ಲವಲ್ಲ.”

ಮೇಸ್ತ್ರಿ, ಸೋದರಳಿಯ ಇಬ್ಬರೂ ಮಂಚವನ್ನೇ ಎತ್ತಿಕೊಂಡರು. ಬಾಗಿಲಲ್ಲಿ ದೋಣಿಯವನು ಎಡಗೈ ಚಾಚಿ ನಿಲುವನ್ನು ಹಿಡಿದುಕೊಂಡ. ಹೊತ್ತವರು ನಿಂತರು. ಮೇಸ್ತ್ರಿಯ ಭುಜ ಉರಿಯುತ್ತಿತ್ತು. ಆದರೂ ಭಾವ ತಾನಾಗಿ ಕೈ ಬಿಡುವವರೆಗೆ ಕಾದರು.