ಖಾಲಿ ಬಿಟ್ಟ ಜಾಗ

"ಇವತ್ತಿನ ಫೈಲು ನೋಡ್ಕಂಡು ನಿನ್ನ ಕಾಯಂ ಮಾಡೋದಾ ಬ್ಯಾಡ್ವಾ ಹೇಳ್ತೀನಿ. ಖಾಲಿ ಜಾಗ ಬಿಟ್ಟ ಫೈಲು ಮುಗಿದಂಗಲ್ಲ, ಗೊತ್ತಾಯ್ತಾ ಕೃತಿಕಾ?" ಎಂದು ನಮ್ಮ ಮೇಲ್ವಿಚಾರಕಿ ಶಿವಲೀಲಕ್ಕ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಸಕಲೇಶಪುರದ ಕಾಫಿ ಸ್ಟೋರೊಂದರ ಮೇಲಿನ ಮಹಡಿ ನಮ್ಮ ಆಫೀಸು. ಡಾಕ್ಟರುಗಳು ರೋಗಿಯನ್ನು ನೋಡಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುತ್ತೇವೆ. ಗೊತ್ತಿಲ್ಲದ ಹೆಸರು ಬಂದರೆ ಔಷಧಿ ಪಟ್ಟಿಯಲ್ಲಿ ಹುಡುಕಿ, ಅಕ್ಷರ ಖಚಿತ ಮಾಡಿಕೊಳ್ಳಬೇಕು.

ಸಂಜೆಯ ಫೈಲಿನಲ್ಲಿ ತಲೆಸುತ್ತು ಬಂದು ಬಿದ್ದ ಒಬ್ಬ ಮುದುಕಿ ಇದ್ದಳು. ನಾನು ನೋಡದ ಆಕೆಗೆ ಮನಸ್ಸಿನಲ್ಲೇ ಆಗಲೇ ಒಂದು ಮೂಗುಬೊಟ್ಟು ಇಟ್ಟಿದ್ದೆ, ಬಾಯಿಗೆ ಎಲೆಅಡಿಕೆ ಹಾಕಿದ್ದೆ. ಅಷ್ಟರಲ್ಲಿ ಎಂದೂ ಕೇಳದ ಒಂದು ಮಾತ್ರೆಯ ಹೆಸರು ಬಂತು. ಪಟ್ಟಿಯಲ್ಲಿ ಅದಕ್ಕೆ ಹತ್ತಿರವಾದವು ಎರಡು: ಒಂದು ಹೃದಯಕ್ಕೆ, ಇನ್ನೊಂದು ಫಿಟ್ಸಿಗೆ. ಬಿದ್ದ ಮುದುಕಿಗೆ ಎರಡೂ ಹೊಂದುವಂತಿದ್ದವು.

"ಎಷ್ಟು ಸಲ ಅದನ್ನೇ ಕೇಳ್ತೀಯೆ, ಡಾಕ್ಟ್ರ ದನಿ ಹಿಡಿಸ್ಬುಡ್ತಾ?" ಪಕ್ಕದ ಕುರ್ಚಿಯ ಮೋಹಿತ್ ನಕ್ಕ. "ಹೃದಯದ್ದು ಹಾಕ್ಬುಟ್ಟು ಏಳು ಮಾರಾಯ್ತಿ, ಜಾಸ್ತಿ ಜನ ನುಂಗೋದು ಅದೇ."

ಬೆರಳು ಕೀಲಿಮಣೆಯ ಮೇಲೆ ಹೋಯಿತು, ಅಷ್ಟರಲ್ಲಿ ಅಜ್ಜಿ ನೆನಪಾದಳು. ನಮ್ಮಜ್ಜಿ ಬೆಟ್ಟಮ್ಮ ಕಥೆ ಹೇಳುವಾಗ ಯಾರದಾದರೂ ಹೆಸರು ಮರೆತರೆ ಕಥೆಯನ್ನೇ ನಿಲ್ಲಿಸುತ್ತಿದ್ದಳು. ಕೆಳಗಿನ ಮನೆಯ ರಾಮಯ್ಯಜ್ಜನನ್ನು ಕೇಳಿಬರಲು ನನ್ನನ್ನು ಓಡಿಸುತ್ತಿದ್ದಳು. ಅಲ್ಲಿಯವರೆಗೆ ರಾಜಕುಮಾರಿ ಹೊಳೆಯಲ್ಲಿ ಕಾಲಿಟ್ಟುಕೊಂಡೇ ನಿಂತಿರಬೇಕು. ಯಾವುದಾದರೂ ಹೆಸರು ಹೇಳಜ್ಜಿ ಎಂದರೆ, "ಅವ್ಳು ಅವ್ಳೇ ಕಣೆ, ಇನ್ನೊಬ್ಳು ಮಾಡಕಾಯ್ತದಾ?" ಎಂದು ಗದರುತ್ತಿದ್ದಳು.

ಜಾಗ ಖಾಲಿ ಬಿಟ್ಟೆ. "ಪಟ್ಟಿಯ ಎರಡು ಹೆಸರು ಹತ್ತಿರವಿವೆ. ಯಾವುದೆಂದು ನನಗೆ ತಿಳಿಯದು, ಡಾಕ್ಟರನ್ನು ಕೇಳಬೇಕು" ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ.

ಶಿವಲೀಲಕ್ಕ ಓದಿ ಕನ್ನಡಕ ತೆಗೆದರು. "ಇವತ್ತೇ ಆಗ್ಬೇಕಿತ್ತಾ ನಿಂಗೆ ಇದು?"

"ಗೊತ್ತಿಲ್ದೆ ಇರೋದ ಹೆಂಗ್ ಬರೀಲಕ್ಕ? ಆಯಮ್ಮ ಅದನ್ನೇ ನುಂಗ್ತದೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಸ್ಪತ್ರೆಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ಪಟ್ಟಿಯ ಎರಡೂ ಹೆಸರು ನಾನೇ ಓದಿ ಹೇಳಿದೆ. ಡಾಕ್ಟರು, "ನಿಮ್ಮ ಪಟ್ಟೀಲಿ ಇರಲ್ಲಮ್ಮ, ಹೊಸದು" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ನಾನು ತಿರುಗಿ ಓದಿ ಒಪ್ಪಿಸಿದೆ. "ಸರಿಯಾಗಿದೆ. ಹೃದಯದ್ದು ಹಾಕ್ಲಿಲ್ಲ ತಾನೆ? ಆಕೆಗೆ ಅದು ಒಗ್ಗಲ್ಲ. ಕೇಳಿದ್ದು ಒಳ್ಳೇದಾಯ್ತು" ಎಂದರು ಡಾಕ್ಟರು.

ಮೋಹಿತ್ ಹೆಡ್‌ಫೋನ್ ಸರಿಮಾಡಿಕೊಳ್ಳುವ ನೆಪದಲ್ಲಿ ಅತ್ತ ತಿರುಗಿದ.

"ಸೋಮವಾರದಿಂದ ಕಾಯಂ ನೀನು" ಎಂದರು ಶಿವಲೀಲಕ್ಕ. "ಖಾಲಿ ಬಿಟ್ರೆ ಮುಗಿದಂಗಲ್ಲ ಅನ್ನೋದನ್ನ ನಾನೂ ಇನ್ಮೇಲೆ ನೋಡ್ಕಂಡು ಹೇಳ್ಬೇಕು. ಮೋಹಿತ್, ನಿಂಗೂ ಕೇಳಿಸ್ತೇನಪ್ಪ?"

"ಕೇಳಿಸ್ತಕ್ಕ, ಒಂದೇ ಸಲಕ್ಕೆ ಕೇಳಿಸ್ತು."

ಮನೆಗೆ ಹೋಗುವ ಹೊಂಗಡಹಳ್ಳದ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, "ಏನ್ ಕೆಲ್ಸ ಮಾಡ್ತೀಯವ್ವ?" ಎಂದು ಕೇಳಿದಳು. ಇಷ್ಟು ದಿನ ಯಾರು ಕೇಳಿದರೂ ಟೈಪಿಂಗು ಅಂದು ಕಿಟಕಿ ನೋಡುತ್ತಿದ್ದೆ. ಈ ಸಲ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಕಡೆ ಪೂರ್ತಿ ತಿರುಗಿ, ಮೊದಲಿನಿಂದ ಹೇಳತೊಡಗಿದೆ.