ಬಾಯಿ ತುಂಬ ಮೊಳೆ

“ಅವತ್ತು ಸಂಜೆ ನಮ್ಮವರು ನಿನ್ನ ಹತ್ತಿರ ಏನಂದ್ರು? ಹೇಳು,” ಎಂದು ಅವಳು ಎರಡನೇ ಸಲ ಕೇಳಿದಳು.

ಗಂಡನ ಜೊತೆ ಕೆಲಸ ಮಾಡುತ್ತಿದ್ದ ಗಡ್ಡ ತನ್ನ ಬಾಯಿಯತ್ತ ಬೆರಳು ತೋರಿಸಿದ. ಬಾಯಿ ತುಂಬ ಮೊಳೆ. ನಾಲಿಗೆಯಿಂದ ಒಂದನ್ನು ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿಕೊಂಡು, ಶವಪೆಟ್ಟಿಗೆಯ ಒಳಬದಿಗೆ ಹಸಿರು ಬಟ್ಟೆಯನ್ನು ಹೊಡೆದ. ಟಕ್. ಇನ್ನೊಂದು. ಟಕ್. ಸೋಫಾ ಕೆಲಸದವರು ಮಾಡುವುದೇ ಹೀಗೆ. ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಇಡಲು ಉಳಿಯುವುದು ಬಾಯಿ ಮಾತ್ರ.

ಈ ಆಟ ಅವಳಿಗೆ ಹೊಸದಲ್ಲ. ಮದುವೆಯಾದಾಗಿನಿಂದ ಗಂಡನೂ ಇದನ್ನೇ ಆಡುತ್ತಿದ್ದ. ಉತ್ತರ ಕೊಡಲು ಮನಸ್ಸಿಲ್ಲದ ಪ್ರಶ್ನೆ ಬಂದರೆ ಸಾಕು, ಡಬ್ಬಿಗೆ ಕೈಹಾಕಿ ಒಂದು ಹಿಡಿ ಮೊಳೆ ಬಾಯಿಗೆ ಸುರಿದುಕೊಳ್ಳುತ್ತಿದ್ದ. ಇಬ್ಬರೂ ಒಂದೇ ಅಂಗಡಿಯಲ್ಲಿ ಪಳಗಿದವರು. ಗಡ್ಡ ತನ್ನ ಗಡ್ಡ ಬೋಳಿಸಿ ಎಷ್ಟೋ ವರ್ಷವಾಗಿತ್ತು. ಹೆಸರು ಮಾತ್ರ ಕೆನ್ನೆಗೆ ಅಂಟಿಕೊಂಡೇ ಇತ್ತು.

ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದ ಯಾರದೋ ಕುರ್ಚಿ, ಅದರ ಹೊಟ್ಟೆಯಿಂದ ಹೊರಗೆ ಬಂದ ನಾರು, ಗೋಡೆಯಲ್ಲಿ ಸಾಲಾಗಿ ಡೊಂಕು ಸೂಜಿಗಳು. ಗೋಡೆಯ ಆಚೆ, ಒಳಕೋಣೆಯಲ್ಲಿ, ಗಂಡ ಮಲಗಿದ್ದ. ಬೆಳಿಗ್ಗೆ ಪೆಟ್ಟಿಗೆ ಬಂದಾಗ ಒಳಗೆ ಬರೀ ಒರಟು ಹಲಗೆ. “ಇದರಲ್ಲಿ ಮಲಗಿಸಿದ್ರೆ ಎದ್ದು ಬಂದು ನನ್ನ ಜನ್ಮ ಜಾಲಾಡ್ತಾನೆ,” ಎಂದು ಗಡ್ಡ ಬಟ್ಟೆ ಹುಡುಕಿದ್ದ. ಹಸಿರು ಬಟ್ಟೆಯನ್ನು ತಂದುಕೊಟ್ಟವಳು ಅವಳೇ. ಮನೆಯ ಸೋಫಾಕ್ಕೆಂದು ಅವನು ತೆಗೆದಿಟ್ಟಿದ್ದ ಬಟ್ಟೆ ಅದು. ಊರವರ ಸೋಫಾಗಳನ್ನೆಲ್ಲ ಮದುಮಗಳ ಹಾಗೆ ಸಿಂಗರಿಸಿದವನ ಮನೆಯ ಸೋಫಾದಲ್ಲಿ ಸ್ಪ್ರಿಂಗು ಹೊರಗೆ ಇಣುಕುತ್ತಿತ್ತು.

“ಇನ್ನೂ ಮುಗೀಲಿಲ್ವಾ? ಗಾಡಿಯವನು ಒಂದೇ ಸಮ ಹಾರ್ನ್ ಹೊಡೀತಿದಾನೆ,” ಎನ್ನುತ್ತ ನಾದಿನಿ ಬಂದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು. ಗಡ್ಡನ ಬಾಯಿ ಕಂಡದ್ದೇ ಸಿಡಿದಳು. “ಥೂ, ಉಗಿಯೋ ಅದನ್ನ! ನನ್ನ ಅಣ್ಣನ್ನ ತಿಂದದ್ದು ಅದೇ ಮೊಳೆ. ಕಬ್ಬಿಣ ಬಾಯಲ್ಲಿಟ್ಟುಕೊಂಡ್ರೆ ವಿಷ ಏರದೆ ಇರುತ್ತಾ?”

ಗಡ್ಡ ಮೊಳೆಗಳನ್ನು ಅಂಗೈಗೆ ಉಗಿದ. “ನಾನೂ ಇಟ್ಕೊಳ್ತೀನಲ್ಲಕ್ಕ. ನಾನ್ಯಾಕೆ ಸತ್ತಿಲ್ಲ?”

“ನಿನ್ನ ಮುಟ್ಟೋಕೆ ರೋಗಕ್ಕೂ ಅಸಹ್ಯ.”

“ಮೊಳೆ ಅಲ್ಲ,” ಎಂದಳು ಅವಳು. “ಡಾಕ್ಟರು ಹೇಳಿದ್ರಲ್ಲ.”

“ಏನ್ ಹೇಳಿದ್ರು? ಬಾಯಲ್ಲೇ ಇದ್ದ ಕ್ರಿಮಿಯಂತೆ! ಇಷ್ಟು ವರ್ಷ ಅವನ ಜೊತೆ ಉಂಡು ತಿಂದು ಸುಮ್ಮನಿದ್ದದ್ದು ಈಗ ಕೊಂದಿತಂತೆ! ಹೋಗಲಿ, ಪಕ್ಕದಲ್ಲಿ ಮಲಗೋಳು ನೀನು, ನಿನಗಾದರೂ ಗೊತ್ತಾಗಲಿಲ್ವಾ ಅತ್ತಿಗೆ?”

ಹೊರಗೆ ಮತ್ತೆ ಹಾರ್ನ್ ಆಯಿತು. ನಾದಿನಿ ಗಾಡಿಯವನನ್ನು ಬೈಯಲು ಹೊರಟುಹೋದಳು. ಗಡ್ಡ ಅವಸರದಿಂದ ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡ.

*

ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗಂಡನ ಗದ್ದದ ಕೆಳಗೆ ಕತ್ತು ಎಂಬುದೇ ಇರಲಿಲ್ಲ. ಕಿವಿಯಿಂದ ಕಿವಿಗೆ ಊತ, ಒತ್ತಿದರೆ ಹಲಗೆ. ನಾಲಿಗೆ ಮೇಲಕ್ಕೆದ್ದು ಬಾಯಿಗೆ ಬಿರಡೆ ಹಾಕಿದಂತಾಗಿತ್ತು. ಎಂಜಲು ನುಂಗಲಾರ, ಮಾತು ಹೊರಡದು. ಕತ್ತು ಕೊಯ್ದು ಕೀವು ತೆಗೆದರು. ನಾತ ತಾಳಲಾರದೆ ನರ್ಸು ಓಡಿಹೋಗಿ ಕಿಟಕಿ ತೆರೆದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹೊರಗೆ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತು ಹೇಳಿದಳು: “ಈ ಕ್ರಿಮಿಗಳು ಎಲ್ಲಿಂದಲೋ ಬಂದವಲ್ಲಮ್ಮ. ಎಲ್ಲರ ಬಾಯಲ್ಲೂ ಇರ್ತವೆ. ನಿಮ್ಮ ಬಾಯಲ್ಲೂ, ನನ್ನ ಬಾಯಲ್ಲೂ. ಗಾಳಿ ಕಂಡ್ರೆ ಇವಕ್ಕೆ ಆಗಲ್ಲ. ಹಲ್ಲಿನ ಸಂದಿಯಲ್ಲಿ ತೆಪ್ಪಗೆ ಬಿದ್ದಿರ್ತವೆ. ಹುಳುಕು ಹಲ್ಲಿನ ಬೇರು ದಾರಿ ಬಿಟ್ಟರೆ ಒಳಗೆ ಇಳೀತವೆ. ಇವರಿಗೆ ಒಸಡಲ್ಲಿ ಯಾರೋ ಚುಚ್ಚಿದ ಗುರುತಿದೆ. ಅದು ಮೇಲೆ ಕೂಡಿಕೊಂಡಿದೆ, ಒಳಗೆ ಗಾಳಿಯಾಡದ ಗೂಡು. ಅವಕ್ಕೆ ಅಷ್ಟೇ ಬೇಕು.”

ಡಾಕ್ಟರು ಅವಳತ್ತ ತಿರುಗಿದಳು.

“ಆ ನಾತ ಇದೆಯಲ್ಲಮ್ಮ, ಅದೇ ಅವುಗಳ ಗುರುತು. ಮನೆಯಲ್ಲಿ ಯಾವಾಗ ಶುರುವಾಯ್ತು?”

“ಗೊತ್ತಾಗಲಿಲ್ಲ,” ಎಂದಳು ಅವಳು.

ಸುಳ್ಳು.

*

ಅವಳ ಮೂಗಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ದೀಪ ಆರಿಸಿ ಮಲಗಿದವಳು ಥಟ್ಟನೆ ಎದ್ದು ಕೂತು, “ನಿಮ್ಮ ಬಾಯಲ್ಲೇನು ಇಲಿ ಸತ್ತಿದೆಯಾ?” ಎಂದಿದ್ದಳು. ಅವನು ನಕ್ಕ. “ನಿನ್ನ ಮೂಗು ಪೊಲೀಸ್ ಇಲಾಖೆಯಲ್ಲಿರಬೇಕಿತ್ತು ಕಣೆ.” ಮೊದಲ ಸಲ ಅವಳೂ ನಕ್ಕಳು. ಆಮೇಲೆ ನಗು ಬರಲಿಲ್ಲ. ಊಟಕ್ಕೆ ಕೂತರೆ ಮುಖ ತಿರುಗಿಸುತ್ತಿದ್ದಳು. ಕೊನೆಗೊಂದು ದಿನ ಅವನ ದಿಂಬನ್ನು ತೆಗೆದುಕೊಂಡುಹೋಗಿ ಸೋಫಾದ ಮೇಲೆ ಎಸೆದಳು. “ಹಲ್ಲು ಕೀಳಿಸಿಕೊಂಡು ಬನ್ನಿ, ಆಮೇಲೆ ಬಾಯಿ ತೆಗೀರಿ.”

ಅವನು ಬಾಯಿ ತೆಗೆಯಲೇ ಇಲ್ಲ. ಏನಾದರೂ ಹೇಳಬೇಕಾದರೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಬರಬರುತ್ತ ಅದೂ ನಿಂತಿತು. ಕೇಳಿದ್ದಕ್ಕೆಲ್ಲ ಮೊಳೆ ತುಂಬಿದ ಬಾಯಿ ತೋರಿಸುತ್ತಿದ್ದ. ಹಲ್ಲು ಕೀಳಿಸಲು ಹೆದರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಕೈಹಿಡಿದು ಎಳೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಹಟ ಅವಳದು, ಮೌನ ಅವನದು.

ಒಂದು ಸಂಜೆ ಅಡುಗೆಮನೆಗೆ ಬಂದು ಅವಳ ಭುಜ ಹಿಡಿದು ತಿರುಗಿಸಿ, “ಈಗ ನೋಡು,” ಎಂದು ಅವಳ ಮುಖಕ್ಕೇ ಹಾ ಎಂದು ಊದಿದ. ಲವಂಗದ ವಾಸನೆ ಬಂತು. ಬೇರೇನೂ ಇಲ್ಲ. ಕೆಲವು ದಿನಗಳಿಂದ ಊದಿದ್ದ ಕೆನ್ನೆಯೂ ಇಳಿದಿತ್ತು. ಅವಳು ನಗುತ್ತ ಹೋಗಿ ದಿಂಬನ್ನು ವಾಪಸು ತಂದಳು. ಅವತ್ತು ಅವನು ಆಡಿದ ಮಾತು ಒಂದಲ್ಲ ಎರಡಲ್ಲ. ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಸುರಿದ. ಈ ವಾರ ನಮ್ಮ ಸೋಫಾ ಬಿಚ್ಚುತ್ತೇನೆ ಎಂದ. ಹಸಿರು ಬಟ್ಟೆ ತಂದು ಅವಳ ಹೆಗಲ ಮೇಲೆ ಹರಡಿ, ಚೆನ್ನಾಗಿದೆಯಾ ಎಂದು ಕೇಳಿದ.

ವಾರ ಮುಗಿಯುವುದರೊಳಗೆ ಅವನ ದವಡೆ ಕಚ್ಚಿಕೊಂಡಿತು.

*

ಟಕ್. ಟಕ್.

ಅವಳು ಪೆಟ್ಟಿಗೆಯ ಪಕ್ಕದಲ್ಲಿ ಕುಕ್ಕರಿಸಿ ಗಡ್ಡನ ಬಾಯಿಯ ಕೆಳಗೆ ಅಂಗೈ ಒಡ್ಡಿದಳು.

“ಉಗಿ.”

ಗಡ್ಡ ಕಣ್ಣು ತಪ್ಪಿಸಿದ.

“ಉಗಿ ಅಂದೆ. ಮೂವತ್ತು ವರ್ಷ ಒಬ್ಬನ ಹತ್ತಿರ ಈ ಆಟ ನೋಡಿದೀನಿ. ನಿನ್ನ ಹತ್ತಿರ ಬೇಡ.”

ಮೊಳೆಗಳು ಒದ್ದೆಯಾಗಿ, ಬೆಚ್ಚಗೆ, ಅವಳ ಅಂಗೈಗೆ ಬಿದ್ದವು. ಅವಳು ಅವನ್ನು ಡಬ್ಬಿಗೆ ಹಾಕಿ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು.

“ಆ ಸಂಜೆ ಅವರ ಬಾಯಿ ಹೇಗೆ ಸರಿಹೋಯ್ತು?”

ಗಡ್ಡ ಗೋಡೆಯ ಸೂಜಿಗಳನ್ನು ನೋಡಿದ. ಅವಳೂ ನೋಡಿದಳು.

“ಡೊಂಕು ಸೂಜಿ ಬೆಂಕೀಲಿ ಕಾಯಿಸಿದ,” ಎಂದ. “ನಾನೇ ಕನ್ನಡಿ ಹಿಡಿದೆ ಅತ್ತಿಗೆ. ದಿಂಬಿಗೆ ಹೊಲಿಗೆ ಹಾಕೋ ಹಾಗೆ ಒಸಡಿಗೆ ಒಳಗಿಂದ ಹಾಕಿ ಎತ್ತಿದ. ಕೀವು ಬಳಬಳ ಅಂತ ಇಳೀತು. ಉಪ್ಪುನೀರು ಮುಕ್ಕಳಿಸಿ, ಲವಂಗ ಅಗಿದು, ‘ಹೋಯ್ತು ಪೀಡೆ’ ಅಂದ. ನಾನು ಬಡ್ಕೊಂಡೆ, ಹಲ್ಲಿನ ಡಾಕ್ಟರ ಹತ್ತಿರ ಹೋಗೋ ಮಾರಾಯ ಅಂತ. ‘ನಾಳೆ ಹೋಗ್ತೀನಿ, ಇವತ್ತು ಮನೆಗೆ ಹೋಗಬೇಕು’ ಅಂದ.”

“ಮನೆಗಾ?”

“ನಾನೂ ನಕ್ಕೆ. ನಿನ್ನ ಮನೆ ಗೋಡೆ ಆಚೆಗಿದೆಯಲ್ಲೋ, ಬಸ್ಸು ಹತ್ತಬೇಕಾ ಅಂದೆ.” ಗಡ್ಡ ಬರಿಗೈಯಿಂದ ಬಾಯಿ ಒರೆಸಿಕೊಂಡ. “‘ಸೋಫಾದಲ್ಲಿ ಮಲಗೋದಕ್ಕೆ ಮನೆ ಅನ್ನಲ್ಲ ಕಣೋ’ ಅಂದ. ಅಷ್ಟೇ. ಬೇರೇನೂ ಅನ್ನಲಿಲ್ಲ. ನಿಮ್ಮ ಬಗ್ಗೆ ಒಂದು ಮಾತೂ ಅನ್ನಲಿಲ್ಲ, ಆಣೆ.”

ಅವಳು ತಲೆ ಆಡಿಸಿದಳು. ಆಡಿಸುತ್ತಲೇ ಇದ್ದಳು.

ಪೆಟ್ಟಿಗೆಯನ್ನು ಒಳಗೆ ಒಯ್ದರು. ನಾಲ್ಕು ಜನ ಸೇರಿ ಅವನನ್ನು ಎತ್ತಿ ಹಸಿರು ಬಟ್ಟೆಯ ಮೇಲೆ ಇಳಿಸಿದರು. ಇಳಿಸುವಾಗ ಯಾರದೋ ಕೈಗಡಿಯಾರ ಸಿಕ್ಕಿಕೊಂಡು ತಲೆಯ ಕಡೆಯ ಬಟ್ಟೆ ಕಿತ್ತುಬಂತು. ಗಡ್ಡ ಮುಂದೆ ಬಂದ. ಅವಳು ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು.

“ಅತ್ತಿಗೆ,” ನಾದಿನಿ ಎಲ್ಲರ ಎದುರಿಗೇ ಕೇಳಿದಳು. ದನಿಯಲ್ಲಿ ಈಗ ಜಗಳವಿರಲಿಲ್ಲ, ಬರೀ ಅಳು. “ನಿಜ ಹೇಳು. ನಿನಗೆ ಒಂಚೂರೂ ಗೊತ್ತಾಗಲಿಲ್ವಾ?”

ಕೋಣೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

ಅವಳು ಡಬ್ಬಿಗೆ ಕೈಹಾಕಿ ಒಂದು ಹಿಡಿ ಮೊಳೆಗಳನ್ನು ಬಾಯಿಗೆ ಸುರಿದುಕೊಂಡಳು. ಮಂಡಿಯೂರಿ, ಒಂದು ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದು, ಅವನ ಮುಖದ ಮೇಲೆ ಬಾಗಿದಳು. ಕತ್ತಿಗೆ ಸುತ್ತಿದ ಪಟ್ಟಿಯೊಳಗಿಂದ ಆ ನಾತ ಇನ್ನೂ ಬರುತ್ತಿತ್ತು. ಅವಳು ಮುಖ ತಿರುಗಿಸಲಿಲ್ಲ. ನಾಲಿಗೆಯಿಂದ ಒಂದು ಮೊಳೆಯನ್ನು ತಡಕಿ ತುಟಿಗೆ ತಂದು, ಸುತ್ತಿಗೆಯ ಮೂತಿಗೆ ಅಂಟಿಸಿದಳು.

ಟಕ್.

ನಾದಿನಿ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.